ಅಣ್ಣಾರಾಯರು ಗುಂಡಿನ ವೇಗ ಅಳೆದದ್ದು

ಗುಂಡು ಹಾರಿಸುವುದು ಯಾರಿಂದಲೂ ಆದೀತು. ಅದು ಎಷ್ಟು ಜೋರಾಗಿ ಹಾರಿತು ಎಂದು ಅಳೆಯಲು ಹೊರಟರೆ ಮಾತ್ರ ಮನೆಯ ಹಿಟ್ಟಿನ ಡಬ್ಬಿಯೂ ಉಳಿಯುವುದಿಲ್ಲ. ಸೊಲ್ಲಾಪುರದ ಚಾದರ ವ್ಯಾಪಾರಿ ಅಣ್ಣಾರಾಯರಿಗೆ ಈ ಜ್ಞಾನೋದಯವಾದದ್ದು ಎಪ್ಪತ್ನಾಲ್ಕರ ಬೇಸಿಗೆಯಲ್ಲಿ, ಅದೂ ಅಕ್ಕಲಕೋಟದಲ್ಲಿರುವ ಹೆಂಡತಿಯ ತವರುಮನೆಯ ಹಿತ್ತಲಲ್ಲಿ.

ತಪ್ಪೆಲ್ಲ ಹೆಂಡತಿಯ ತಮ್ಮ ಧೂಳಪ್ಪನದು. (ಅಣ್ಣಾರಾಯರ ಪ್ರಕಾರ ಹತ್ತಿಯ ದರ ಏರಿದರೂ ತಪ್ಪು ಧೂಳಪ್ಪನದೇ.) ಯುಗಾದಿಯ ಊಟಕ್ಕೆ ಹೋದಾಗ ಆತ ತನ್ನ ಹೊಸ ಏರ್‌ಗನ್ನನ್ನೂ ಅದರ ಛರ್ರಾ ಎಂಬ ಪುಟ್ಟ ಸೀಸದ ಗುಂಡನ್ನೂ ತಂದು ತೋರಿಸಿದ. ಅಕ್ಕನ ಗಂಡನನ್ನು ಅಲ್ಲಿಯವರು ಮರಾಠಿ ವಾಡಿಕೆಯಂತೆ ದಾಜಿ ಎನ್ನುತ್ತಾರೆ.

"ದಾಜಿ, ಇದರ ಛರ್ರಾ ಸೆಕೆಂದಿಗೆ ಐನೂರು ಫೂಟ ಹೋಗ್ತದಂತ, ಅಂಗಡಿಯವ ಹೇಳ್ಯಾನ. ನಿಮ್ಮ ಬಂದೂಕಿನ ಛರ್ರಾ ಹೊಂಟಮ್ಯಾಲ ನಾ ಚಹಾ ಕುಡದು ಬಂದು ಕೈಯಾಗ ಹಿಡೀತೀನಿ ನೋಡ್ರಿ! ಅದಕ್ಕೊಂದು ಹಾರ ಹಾಕಿ ಗ್ವಾಡಿಗೆ ತೂಗಹಾಕಿಬಿಡ್ರಿ."

ಪಡಸಾಲೆಯೇ ನಕ್ಕಿತು. ನಗದಿದ್ದವರು ಮಂಚದ ಮೇಲಿದ್ದ ಮಾವ ಚನ್ನವೀರಪ್ಪನವರು. ಅಣ್ಣಾರಾಯರ ಬಂದೂಕೂ ಏರ್‌ಗನ್ನೇ, ಆದರೆ ಹಳೆಯದು; ಮದುವೆಯಲ್ಲಿ ಅದನ್ನು ಅವರ ಕೈಗೆ ಕೊಟ್ಟವರು ಈ ಮಾವನೇ. "ಹಳೇದೆಲ್ಲಾ ಹಂಗ ಬಿಡಪಾ" ಎಂದು ಮೆಲ್ಲಗೆ ಹೇಳಿ ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಸೊಲ್ಲಾಪುರ ಬರುವ ತನಕ ಎಸ್.ಟಿ. ಬಸ್ಸಿನಲ್ಲಿ ಗಿರಿಜಾಬಾಯಿ ಬಾಯಿ ಬಿಡಲಿಲ್ಲ. ಹೆಂಡತಿಯ ಮಾತಿಗೆ ಅಣ್ಣಾರಾಯರು ಸ್ವಲ್ಪ ಹೆದರುತ್ತಿದ್ದರು, ಮೌನಕ್ಕೆ ಪೂರ್ತಿ. ಸ್ಟ್ಯಾಂಡಿನಲ್ಲಿ ಇಳಿಯುವಾಗ ಆಕೆ ಒಂದೇ ಮಾತು ಕೇಳಿದರು: "ಅಪ್ಪನ ಮಾರಿ ನೋಡಿದ್ರೇನ್ರಿ?"

ನೋಡಿದ್ದರು. ಅದಕ್ಕೇ ಅಲ್ಲಿಯೇ, ಕುದುರೆಗಾಡಿಯವರ ಗದ್ದಲದ ನಡುವೆ, ಅವರು ಭೀಷ್ಮಪ್ರತಿಜ್ಞೆ ಮಾಡಿದರು. ಬಸವ ಜಯಂತಿಗೆ ಮತ್ತೆ ಅಕ್ಕಲಕೋಟಕ್ಕೆ ಹೋಗುವುದು, ಎರಡೂ ಬಂದೂಕುಗಳ ವೇಗ ಎಲ್ಲರೆದುರು ಅಳೆಯುವುದು, ಮಾವನ ಬಂದೂಕಿನ ಮಾನ ಉಳಿಸುವುದು.

ಆದರೆ ಅಳೆಯುವುದು ಯಾವುದರಿಂದ? ಮಾಳಿಗೆಯ ಮೇಲೆ ಬಾಡಿಗೆಗಿದ್ದ ಪ್ರಹ್ಲಾದ ಮಾಸ್ತರರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಅವರು ಇಂಗ್ಲಿಷ್ ಮಾಸಿಕವೊಂದರಲ್ಲಿ ಕ್ರೋನೋಗ್ರಾಫ್ ಎಂಬ ಯಂತ್ರದ ಚಿತ್ರ ತೋರಿಸಿದರು. ಎರಡು ಬೆಳಕಿನ ಬಾಗಿಲು. ಗುಂಡು ಒಂದನ್ನು ದಾಟಿ ಇನ್ನೊಂದನ್ನು ದಾಟುವುದರೊಳಗೆ ಯಂತ್ರ ಲೆಕ್ಕ ಹಾಕಿ ಅಂಕಿ ತೋರಿಸುತ್ತದಂತೆ. ಅಣ್ಣಾರಾಯರ ಕಣ್ಣು ಹೊಳೆಯಿತು.

"ಯಾವಾಗ ಬರ್ತದ ಇದು?"

"ಅಮೇರಿಕಾದಿಂದ ತರಸಬೇಕ್ರಿ ಶೇಠಜೀ. ಪರವಾನಗಿ ಸಿಗೂದ್ರಾಗ ನಿಮ್ಮ ಮಗಳ ಲಗ್ನ ಆಗಿರ್ತದ."

"ಆಕಿ ಇನ್ನೂ ಸಾಲ್ಯಾಗ ಮೂರನೇತ್ತಾ ಅದಾಳ್ರೀ!"

"ಅದಕ್ಕ ಹೇಳಿದೆ."

ಎರಡನೆಯ ಉಪಾಯ, ಫ್ಯಾನಿನ ಮೋಟಾರಿಗೆ ಎರಡು ರಟ್ಟಿನ ಚಕ್ರ ಸಿಕ್ಕಿಸಿ, ತಿರುಗುವಾಗ ಗುಂಡು ಹೊಡೆದು, ತೂತುಗಳ ಅಂತರ ನೋಡುವುದು. ಸೊಲ್ಲಾಪುರದ ಕರೆಂಟನ್ನು ನಂಬಿ ಮಾವನ ಮಾನವನ್ನು ಪಣಕ್ಕಿಡಲು ಅಣ್ಣಾರಾಯರು ಒಪ್ಪಲಿಲ್ಲ. ಮೂರನೆಯದು ತೂಗುಪೆಟ್ಟಿಗೆ. ಮರದ ಪೆಟ್ಟಿಗೆಯಲ್ಲಿ ಹಸಿಮಣ್ಣು ತುಂಬಿ ಹಗ್ಗದಿಂದ ತೂಗಬಿಟ್ಟು ಗುಂಡು ಹೊಡೆದರೆ ಪೆಟ್ಟಿಗೆ ಹಿಂದೆ ಸರಿಯುತ್ತದೆ. ಜೋರು ಗುಂಡಾದರೆ ಹೆಚ್ಚು, ಮೆತ್ತಗಿನದಾದರೆ ಕಡಿಮೆ.

ಚಾದರ ಕೊಳ್ಳುವಾಗಲೂ ಬಿಸಿಲಿಗೆ ಹಿಡಿದು, ಮೂಸಿ, ಅಂಚು ಜಗ್ಗಿ ನೋಡುವ ಮನುಷ್ಯ ಅಣ್ಣಾರಾಯರು. ವಾರಗಟ್ಟಲೆ ಮಾಳಿಗೆ ಹತ್ತಿ ಇಳಿದು ಕೊನೆಗೆ ಪೆಟ್ಟಿಗೆಯನ್ನೇ ಆರಿಸಿದರು. ಮಣ್ಣು ಮಾತ್ರ ಬೇಡವೆಂದರು. ಒಣಗಿದರೆ ತೂಕ ಇಳಿಯುತ್ತದೆ, ತೂಕದಲ್ಲಿ ಮೋಸ ಅವರ ಅಂಗಡಿಯಲ್ಲಿ ನಡೆಯುವುದಿಲ್ಲ.

"ಗಿರಿಜಾ, ಒಂದೀಟು ಕಣಕ ನಾದಿಕೊಡು, ಒಣಗಲಾರದಂಗ ಎಣ್ಣಿ ಹಚ್ಚಿ."

"ಹೋಳಗಿ ಯಾರಿಗ್ರೀ?"

"ಹೋಳಗಿಗಲ್ಲ, ಶಾಸ್ತ್ರಕ್ಕ."

"ಶಾಸ್ತ್ರಕ್ಕ ಗೋದಿ ಹಿಟ್ಟು, ಮಕ್ಕಳಿಗೆ ಜ್ವಾಳದ ರೊಟ್ಟಿ! ರೇಶನ್ನಿನ ಸಾಲಿನ್ಯಾಗ ನಿಂತು ತಂದದ್ದರಿ ಇದು" ಎಂದು ಗೊಣಗಿದರೂ ಗಿರಿಜಾಬಾಯಿ ಹಿಟ್ಟು ನಾದಿ ಪೆಟ್ಟಿಗೆ ತುಂಬಿದರು. ಅಪ್ಪನ ವಿಷಯವಲ್ಲವೆ?

ಮೊದಲ ಪರೀಕ್ಷೆ ಮನೆಯಲ್ಲೇ ನಡೆಯಿತು. ಅಣ್ಣಾರಾಯರು ಹೊಡೆದರು. ಪೆಟ್ಟಿಗೆ ಎರಡು ಬೆರಳಷ್ಟು ಸರಿದು ನಾಚಿಕೊಂಡು ನಿಂತಿತು. ಮಾಸ್ತರರು ಏನೋ ಗುಣಿಸಿ, "ಇನ್ನೂರೈವತ್ತು ಫೂಟ" ಎಂದರು. ಧೂಳಪ್ಪನದರ ಅರ್ಧ! ಆ ದಿನ ಅಣ್ಣಾರಾಯರಿಗೆ ಊಟ ರುಚಿಸಲಿಲ್ಲ.

"ಅದಕ್ಕ ಏನಾಗೇದ ಅಂತ ನಾ ಒಂದೀಟು ನೋಡ್ಲೇನ್ರಿ?" ಎಂದರು ಗಿರಿಜಾಬಾಯಿ.

"ನೀ ಏನ್ ನೋಡ್ತಿ? ಬಂದೂಕು ಅಂದ್ರ ಶಾವಿಗಿ ಮಣಿ ಅಲ್ಲ."

ಗಿರಿಜಾಬಾಯಿ ಎದ್ದು ಅಡುಗೆಮನೆಗೆ ಹೋದರು.

ಬಸವ ಜಯಂತಿಯ ದಿನ ಅಕ್ಕಲಕೋಟದ ಹಿತ್ತಲಲ್ಲಿ ಬೇವಿನ ಕೊಂಬೆಗೆ ಪೆಟ್ಟಿಗೆ ತೂಗಿತು. ಮಾವನ ಮಂಚವನ್ನು ಹೊರಗೆ ತಂದಿಟ್ಟರು. ಧೂಳಪ್ಪ ಹೊಡೆದ, ಪೆಟ್ಟಿಗೆ ನಾಲ್ಕು ಬೆರಳು ಸರಿಯಿತು. "ಇನ್ನ ಅಜ್ಜಾರನ್ನ ಕರ್ಕೊಂಡು ಬರ್ರಿ ದಾಜಿ!" ಎಂದು ಆತ ಹಳೆಯ ಬಂದೂಕಿನ ಕಡೆ ಕೈ ತೋರಿಸಿದ.

ಅಣ್ಣಾರಾಯರು ಬಂದೂಕು ಎತ್ತಿದರು. ಸೋಲು ಖಾತ್ರಿಯಾಗಿತ್ತು, ಮಾವನ ಮುಖ ನೋಡುವ ಧೈರ್ಯವಿರಲಿಲ್ಲ. ಕಣ್ಣು ಮುಚ್ಚಿ, ಬಸವಣ್ಣನನ್ನು ನೆನೆದು ಕುದುರೆ ಒತ್ತಿದರು.

ಢಮ್!

ಎಂದೂ ಟುಸ್ಸೆನ್ನುವ ಏರ್‌ಗನ್ನು ಅಂದು ತೋಪಿನಂತೆ ಗುಡುಗಿತು. ನಳಿಗೆಯಿಂದ ಹೊಗೆ ಬಂತು, ಒಗ್ಗರಣೆಯ ವಾಸನೆ ಬಂತು. ಅಣ್ಣಾರಾಯರು ಬಂದೂಕು ಬಿಟ್ಟು ಹಿಂದಕ್ಕೆ ಹಾರಿ ಕುಳಿತದ್ದು ದನಗಳ ಬಾನಿಯಲ್ಲಿ. ಪೆಟ್ಟಿಗೆ ಮಾತ್ರ ಮಿಸುಕಲಿಲ್ಲ. ಮೂರು ಮಾರು ದೂರದ ಪೆಟ್ಟಿಗೆಗೆ ಅವರ ಗುರಿ ತಪ್ಪಿತ್ತು.

ಆಗ ಮಂಚದಿಂದ ನಗು ಕೇಳಿತು. ಚನ್ನವೀರಪ್ಪನವರು ಕಣ್ಣೀರು ಬರುವಂತೆ ನಗುತ್ತಿದ್ದರು. "ಕುಸುಬಿ ಎಣ್ಣಿ ಒಳಗ ಹೊತ್ತಿ ಸಿಡದದ! ಗಿರಿಜವ್ವಾ, ಎಷ್ಟು ಹಾಕೀದಿ?"

"ಗಾಳಿ ತಡೆಯೋ ಒಳಗಿನ ಚರ್ಮ ಒಣಗಿತ್ತಪ್ಪಾ. ನೀ ಒಂದು ಹನಿ ಅಂತಿದ್ದಿ. ನಂಗ ತಮ್ಮನ ಮ್ಯಾಲ ಸಿಟ್ಟಿತ್ತು, ಒಂದು ಚಮಚಾ ಹಾಕೀನಿ."

"ಹಂಗಾರ ನೀನ ಹೊಡಿ."

ಗಿರಿಜಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬಂದೂಕು ಮಡಚಿ, ಛರ್ರಾ ಹಾಕಿ, ಕೆನ್ನೆಗೆ ಆನಿಸಿಕೊಂಡದ್ದನ್ನು ನೋಡಿ ಅಣ್ಣಾರಾಯರು ಬಾನಿಯಿಂದ ಏಳುವುದನ್ನೇ ಮರೆತರು. ಢಮ್! ಪೆಟ್ಟಿಗೆ ಎಂಟು ಬೆರಳು ಹಿಂದೆ ಹೋಗಿ, ಗಿರ್ರನೆ ತಿರುಗಿ ಬಂತು. ಧೂಳಪ್ಪನ ಬಾಯಿ ತೆರೆದೇ ಇತ್ತು.

"ಅಳಿಯಂದಿರ," ಎಂದರು ಮಾವ ಕಣ್ಣೊರೆಸಿಕೊಳ್ಳುತ್ತ, "ಲಿಂಬಿಕಾಯಿ ಕಟ್ಟಿ ಇದಾ ಹಿತ್ತಲದಾಗ ಆಕಿಗೆ ಗುರಿ ಕಲಿಸೀನ್ರಿ. ಆ ಬಂದೂಕು ಆಕೀದರಿ. ಮದುವ್ಯಾಗ ಮಗಳ ಕೈಯಾಗ ಬಂದೂಕು ಕೊಟ್ರ ಮಂದಿ ಏನಂದಾರು ಅಂತ ನಿಮ್ಮ ಕೈಯಾಗ ಕೊಟ್ಟೆ. ಮನೀಗೆ ಹೋದಮ್ಯಾಲ ಹೇಳ್ತಾಳ ಅಂತಿದ್ದೆ."

ಅಣ್ಣಾರಾಯರ ಎದೆ ತುಂಬಿ ಬಂತು, ಧೋತರ ಮೊದಲೇ ಕಲಗಚ್ಚಿನಿಂದ ತುಂಬಿತ್ತು. ಇಷ್ಟು ವರ್ಷ ಆ ಬಂದೂಕನ್ನು ಹೆಗಲಿಗೇರಿಸಿ ಓಣಿಯಲ್ಲೆಲ್ಲ ಮೆರೆದವರು ಅವರು, ಮನೆಯಲ್ಲಿ ಯಾರಿಗೂ ಅದನ್ನು ಮುಟ್ಟಲು ಬಿಡದಿದ್ದವರೂ ಅವರೇ. ಹೆಂಡತಿ ಕೈಹಿಡಿದು ಎಬ್ಬಿಸಲು ಬಂದಾಗ ಅವರು ಸಣ್ಣ ದನಿಯಲ್ಲಿ ಕೇಳಿದರು:

"ಇಷ್ಟು ವರ್ಷ ಯಾಕ ಹೇಳಲಿಲ್ಲ ಮಾರಾಯ್ತಿ?"

ಗಿರಿಜಾಬಾಯಿ ಅವರ ಮೀಸೆಗೆ ಅಂಟಿದ್ದ ಹಿಂಡಿಯನ್ನು ಸೆರಗಿನಿಂದ ಒರೆಸಿದರು.

"ಹೆಂಗ ಹೇಳ್ಲಿರಿ? ಅದನ್ನ ಹೆಗಲಮ್ಯಾಲ ಇಟಗೊಂಡು ಹೊಂಟಾಗ ನೀವು ಭಾಳ ಚಂದ ಕಾಣ್ತಿದ್ರಿ."