ಮಾತಾಡುವ ವೈರಸ್ಸು

ಕಣ್ಣು ಕಾಣದಿರುವುದು ಅಂಥ ದೊಡ್ಡ ತೊಂದರೆಯೇನಲ್ಲ. ಸುತ್ತಲಿನವರಿಗೆಲ್ಲ ಕಾಣುತ್ತದೆ ಎಂಬುದೇ ನಿಜವಾದ ತೊಂದರೆ. ಕಾಣುವವರಿಗೆ ಚೆಂದದ ಹುಚ್ಚು. ವಸ್ತು ಕೈಗೆ ಸಿಗುವಲ್ಲಿದ್ದರೆ ಅವರಿಗೆ ಸಮಾಧಾನವಿಲ್ಲ, ಕಣ್ಣಿಗೆ ಒಪ್ಪುವಲ್ಲಿರಬೇಕು. ಬ್ಯಾಡಗಿಯ ನನ್ನ ಹಿರಿಯ ನಾದಿನಿ ರಾಣೆಬೆನ್ನೂರಿನ ನಮ್ಮ ಮನೆಗೆ ಬಂದು ಎರಡು ದಿನ ಇದ್ದರೆ ಸಾಕು, ಮೂರನೆಯ ದಿನ ನನ್ನ ಅಡಿಗೆಮನೆಗೆ ನಾನೇ ಬೀಗತಿ. ಸಾಸಿವೆ ಇದ್ದಲ್ಲಿ ಜೀರಿಗೆ, ಉಪ್ಪು ಇದ್ದಲ್ಲಿ ಸೋಡಾ. "ಒಂದ ಅಳತಿ ಡಬ್ಬಿ ಒಂದ ಕಡೆ ಇಟ್ಟೇನಿ ನೋಡು ಸುನಂದಾ, ಎಷ್ಟ ಛಂದ ಕಾಣಾಕತ್ತೇತಿ!" ಎಂದು ಆಕೆ ಹೇಳುವುದು ಬೇರೆ ಯಾರಿಗೂ ಅಲ್ಲ, ನನಗೇ. ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ನಾನು "ಥ್ಯಾಂಕ್ಯೂ ಅಕ್ಕಾರ" ಎನ್ನುತ್ತೇನೆ. ಆಮೇಲೆ ವಾರಗಟ್ಟಲೆ ಡಬ್ಬಿಗಳನ್ನು ಮೂಸಿ ಮೂಸಿ ಅಡಿಗೆ ಮಾಡುತ್ತೇನೆ.

ಅಡಿಗೆಮನೆ ಕೈಬಿಟ್ಟು ಹೋದರೂ ನನಗೆ ಕಂಪ್ಯೂಟರ್ ಇತ್ತು. ಕಾಲೇಜಿನ ಹೊತ್ತಿಗೆ ನನ್ನ ಕಣ್ಣು ಪೂರ್ತಿ ಹೋಗಿದ್ದರಿಂದ ನಾನು ಅದನ್ನು ಕಿವಿಯಿಂದಲೇ ಕಲಿತವಳು. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅದರಲ್ಲಿರುತ್ತದೆ. ಮೌಸ್ ಬೇಡ, ಕೀಲಿಗಳಷ್ಟೇ ಸಾಕು. ನಾನು ಇಟ್ಟುಕೊಂಡ ವೇಗಕ್ಕೆ ಅದರ ಓದು ಬೇರೆಯವರಿಗೆ ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತದೆ, ಅದಕ್ಕೇ ಇಯರ್‌ಫೋನ್. ಮಾನಿಟರ್ ಮಾತ್ರ ಸದಾ ಆರಿಸಿಯೇ ಇಟ್ಟಿರುತ್ತೇನೆ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಿವಿ ಹಿಂಡುತ್ತಿದ್ದರು. ಯಾರೂ ನೋಡದ ಪರದೆಗೂ ಅದೇ ನ್ಯಾಯ. ಮನೆಗೆ ಬಂದವರು "ಪಾಪ, ಬಂದ್ ಆದ ಟಿ.ವಿ. ಮುಂದ ಕುಂತಾಳ" ಎಂದು ಪಿಸುಗುಡುತ್ತಾರೆ. ಕಣ್ಣು ಕಾಣದವರಿಗೆ ಕಿವಿಯೂ ಅಷ್ಟಕ್ಕಷ್ಟೇ ಎಂದು ಅವರ ನಂಬಿಕೆ.

ಆ ಬಂದ್ ಆದ ಟಿ.ವಿ.ಯಿಂದಲೇ ನಾದಿನಿಯ ಮನೆಯ ಮೆಣಸಿನಕಾಯಿ ವ್ಯಾಪಾರದ ಇಂಗ್ಲಿಷ್ ಮೇಲ್‌ಗಳೆಲ್ಲ ಹೋಗುತ್ತವೆ. ಹೊರರಾಜ್ಯದ ಖರೀದಿದಾರರು ಕಾಯಿಯ ಬಣ್ಣ ಹೇಗಿದೆ ಎಂದು ಕೇಳುತ್ತಾರೆ. ನಾದಿನಿ ಫೋನಿನಲ್ಲಿ ಹೇಳಿದ್ದನ್ನು ಕೇಳಿಕೊಂಡು, ಗಾಢವಾದ, ಹೊಳಪುಳ್ಳ ಕೆಂಪು ಎಂದು ನಾನು ಖಡಾಖಂಡಿತವಾಗಿ ಬರೆಯುತ್ತೇನೆ. ಬರೆದವಳು ಆ ಕೆಂಪನ್ನು ನೋಡಿ ಎಷ್ಟು ಕಾಲವಾಯಿತು ಎಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಈ ಮನೆತನದಲ್ಲಿ 'ಪಾಪ ಸುನಂದಾ' ಹೋಗಿ 'ಸುನಂದಾನ್ನ ಕೇಳ್ರಿ' ಬಂದದ್ದು ಈ ಮೇಲ್‌ಗಳ ದೆಸೆಯಿಂದ. ಅವು ಕೈತಪ್ಪಿದರೆ ನಾನು ಮತ್ತೆ ಪಾಪದ ಖಾತೆಗೆ.

ಇಷ್ಟೆಲ್ಲ ಗೊತ್ತಿದ್ದೂ, ಕಂಪ್ಯೂಟರ್ ಯಾಕೋ ನಿಧಾನವಾಗಿದೆ ಎಂದು ನಮ್ಮ ಮನೆಯವರ ಮುಂದೆ ಬಾಯಿಬಿಟ್ಟೆ. ನಾನು ಬಸುರಿಯಾದ ತಂಗಿಯ ಮಗಳ ಕುಬಸಕ್ಕೆಂದು ಕರ್ಜಗಿಗೆ ಹೋದ ದಿನವೇ ಅವರು ಹಾವೇರಿಯಿಂದ ರಿಪೇರಿಯವನನ್ನು ಕರೆಸಿದರು. ಅವನು ಕಪ್ಪು ಪರದೆ ನೋಡಿ ಮೊದಲು ಮಾನಿಟರ್ ಸತ್ತಿದೆ ಎಂದನಂತೆ. ಸ್ವಿಚ್ ಒತ್ತಿದಾಗ ಬದುಕಿತಂತೆ. ಆಮೇಲೆ ಇಯರ್‌ಫೋನಿನ ವೈರು ಕಿತ್ತಾಗ ಯಂತ್ರ ಬಡಬಡ ಮಾತಾಡತೊಡಗಿತಂತೆ.

"ಅಯ್ಯ ಸರ, ಇದರಾಗ ವೈರಸ್ ಹೊಕ್ಕೇತ್ರಿ! ಯಾರೂ ಏನೂ ಕೇಳದ ತಾನ ಮಾತಾಡಾಕತ್ತೇತಿ!"

"ಹಂಗಾರ ತೆಗದು ಬಿಡ್ರಿ," ಎಂದರು ನಮ್ಮವರು. ಆ ದನಿಯಿಂದಲೇ ನಾನು ಕೆಲಸ ಮಾಡುತ್ತೇನೆಂದು ಅವರಿಗೆ ನೂರು ಸಲ ಹೇಳಿದ್ದೇನೆ. ನೂರು ಸಲವೂ ಅವರು "ಹೂಂ" ಅಂದಿದ್ದಾರೆ. ಬೀಜದ ಅಂಗಡಿಯಲ್ಲಿ ಕೂತು ಕೂತು ಅವರಿಗೆ "ಹೂಂ" ಎನ್ನುವುದು ಉಸಿರಾಟದಷ್ಟು ಸಲೀಸಾಗಿದೆ.

ನಾನು ಮನೆಗೆ ಬಂದಾಗ ಅವನು ಇನ್ನೂ ಚಹಾ ಕುಡಿಯುತ್ತಿದ್ದ. "ಹೊಸಾ ಆಪರೇಟಿಂಗ್ ಸಿಸ್ಟಮ್ ಹಾಕೇನ್ರಿ ಅಕ್ಕಾರ. ಈಗ ನೋಡ್ರಿ, ಮದುಮಗಳಂಗ ಆಗೇತಿ!"

ಕೂತು ಕೀಲಿ ಒತ್ತಿದೆ. ಮದುಮಗಳು ತುಟಿ ಬಿಚ್ಚಲಿಲ್ಲ.

"ಮಾತಾಡೂದು ಎಲ್ಲಿ ಹೋತು?"

"ಅದನ್ನ ತೆಗದು ಒಗದೇನಲ್ರಿ!" ದನಿಯಲ್ಲಿ ಎಂಥ ಹೆಮ್ಮೆ!

"ತಮ್ಮಾ, ಅದು ವೈರಸ್ ಅಲ್ಲಪಾ. ಅದ ನನ್ನ ಕಣ್ಣು."

ಅವನು ಚಹಾ ಗುಟುಕ್ಕೆಂದು ನುಂಗಿದ್ದು ಕೇಳಿಸಿತು. ನಮ್ಮವರು "ಹೂಂ" ಎಂದರು.

ಸ್ಕ್ರೀನ್ ರೀಡರನ್ನು ಮತ್ತೆ ಹಾಕಿಸಿದೆ. ಆದರೆ ಹಳೆಯ ಸಿಸ್ಟಮ್ ತಿರುಗಿ ಬರುವುದಿಲ್ಲ ಎಂದು ಹೇಳಿ ಅವನು ಹಾವೇರಿಯ ಬಸ್ಸು ಹತ್ತಿದ. ಹೀಗೆ ದನಿ ಬಂತು, ಮನೆ ಮಾತ್ರ ನನ್ನದಲ್ಲ. ನನ್ನ ನಾದಿನಿಯಂಥವಳು ಯಾರೋ ಒಳಹೊಕ್ಕು ಡಬ್ಬಿಗಳನ್ನೆಲ್ಲ ಚೆಂದಕ್ಕೆ ಜೋಡಿಸಿ ಹೋಗಿದ್ದಳು. ಮೇಲ್ ಇದ್ದ ಜಾಗದಲ್ಲಿ ಹವಾಮಾನ. "ರಾಣೆಬೆನ್ನೂರು, ಬಿಸಿಲು" ಎನ್ನುತ್ತದೆ. ಬಿಸಿಲು ಕಿಟಕಿಯಿಂದ ನನ್ನ ಬೆನ್ನಿಗೇ ಬೀಳುತ್ತಿತ್ತು, ವರದಿ ಬೇಕಿರಲಿಲ್ಲ. ಮುಂದೆ ಹೋದರೆ "ಬಟನ್". ಇನ್ನೂ ಮುಂದೆ ಹೋದರೂ "ಬಟನ್". ಗುಂಡಿಗಳಿಗೆ ಚಿತ್ರ ಬರೆದವರು ಹೆಸರಿಡಲು ಮರೆತಿದ್ದರು. ಚಿತ್ರ ಇದ್ದ ಮೇಲೆ ಹೆಸರೇಕೆ, ಎಲ್ಲರಿಗೂ ಕಾಣುತ್ತದಲ್ಲ!

ನಮ್ಮವರು ತಪ್ಪು ತಿದ್ದಿಕೊಳ್ಳಲು ಪಕ್ಕದಲ್ಲಿ ಕುರ್ಚಿ ಹಾಕಿದರು.

"ಇಲ್ಲೇ ಐತಲ್ಲ."

"ಎಲ್ಲಿರಿ?"

"ಇಲ್ಲಿ. ನೀಲಿ ಐತಲ್ಲ, ಅದರ ಬಾಜೂಕ."

ನೀಲಿಯ ಬಾಜೂಕ್ಕೆ ಕರೆದೊಯ್ಯುವ ಕೀಲಿ ಇನ್ನೂ ಹುಟ್ಟಿಲ್ಲ. "ನಿಮಗ ಅಂಗಡಿ ಬಾಗಲಾ ತಗಿಯೂ ಹೊತ್ತಾತು," ಎಂದು ಅವರನ್ನು ಸಾಗಹಾಕಿದೆ.

ಅಷ್ಟರಲ್ಲಿ ನಾದಿನಿಯ ಫೋನು. "ಸುನಂದಾ, ಕಾಯಿ ಕೊಳ್ಳೂ ಆ ದೊಡ್ಡ ಪಾರ್ಟಿಗೆ ಸೋಮವಾರದೊಳಗ ಉತ್ತರಾ ಹೋಗಬೇಕವ್ವಾ. ಕಂಪ್ಯೂಟರ್ ಕೆಟ್ಟೇತಂತಲ್ಲ, ನೀ ಪಾಪ ಯಾಕ ತ್ರಾಸ ಮಾಡ್ಕೋತಿ? ನಮ್ಮ ಪೂಜಾ ಮೊಬೈಲ್‌ನಾಗ ಕಳಸ್ತಾಳ ಬಿಡು." ಪೂಜಾ ಆಕೆಯ ಹೊಸ ಸೊಸೆ.

"ಪೂಜಾಗ ಇಂಗ್ಲಿಷ್ ಬರ್ತೈತೇನ್ರಿ ಅಕ್ಕಾರ?"

"ಬರಂಗಿಲ್ಲ ಅಂತಾಳ. ಇನ್ನ ಮ್ಯಾಲೆ ಕಲೀತಾಳ ತಗೋ."

'ಪಾಪ' ಅಂದದ್ದನ್ನು ನುಂಗಿಕೊಂಡೇನು. ನನ್ನ ಜಾಗಕ್ಕೆ ಇಂಗ್ಲಿಷ್ ಬಾರದವಳು! ಅನ್ನಕ್ಕೆ ಇಟ್ಟು ಬಂದು ಕೂತೆ. ಅಡಿಗೆಮನೆಯಲ್ಲಿ ಡಬ್ಬಿ ಮೂಸುವಂತೆಯೇ ಒಂದೊಂದು ಗುಂಡಿಯನ್ನೂ ಒತ್ತಿ, ಬಾಯಿ ತೆರೆಸಿ, ನಾನೇ ಹೆಸರಿಟ್ಟುಕೊಂಡು ಹೋದೆ. ಒಂದು ಗುಂಡಿ ಇಡೀ ಯಂತ್ರವನ್ನೇ ಮಲಗಿಸಿತು. ಇನ್ನೊಂದು ನನ್ನ ದನಿ ಕೇಳಬೇಕು ಎಂದು ಹಟ ಹಿಡಿಯಿತು. ಅನ್ನ ಸೀದ ವಾಸನೆ ಬರುವ ಹೊತ್ತಿಗೆ ಮೇಲ್ ಸಿಕ್ಕಿತು.

ಭಾನುವಾರ ಸಂಜೆ ಉತ್ತರ ಬರೆದು ಮುಗಿಸಿ ಕಳುಹಿಸಬೇಕು ಎನ್ನುವಾಗ ಒಂದು ಚೌಕಟ್ಟು ಅಡ್ಡ ಬಂದು ನಿಂತಿತು: ಹೊಸ ನೋಟ ನಿಮಗೆ ಹೇಗೆನಿಸಿತು, ನಕ್ಷತ್ರ ಕೊಡಿ. ಒಂದೇ ಒಂದು ಕೊಟ್ಟೆ. ಕಾರಣ ಬರೆಯಲು ಜಾಗವನ್ನೂ ಕೊಟ್ಟಿದ್ದರು. ಅದು ಅವರ ತಪ್ಪು. ಡಬ್ಬಿಗಳ ವಿಷಯವಾಗಿ ನಾದಿನಿಗೆ ಇಷ್ಟು ವರ್ಷ ಹೇಳಲಾಗದ್ದನ್ನೆಲ್ಲ ಶುದ್ಧ ಇಂಗ್ಲಿಷಿನಲ್ಲಿ, ಪ್ಲೀಸ್ ಮತ್ತು ಕೈಂಡ್ಲಿ ಸೇರಿಸಿ, ಅಲ್ಲಿ ಬರೆದೆ. ಎದೆ ಹಗುರಾಯಿತು. ಆಮೇಲೆ ಮೇಲ್ ಕಳಿಸಿದೆ. ಹೋಯಿತು ಎಂದು ದನಿ ಹೇಳಿದಾಗ, ಯಾರೂ ನೋಡುತ್ತಿಲ್ಲ ಎಂದುಕೊಂಡು ಚಪ್ಪಾಳೆ ತಟ್ಟಿದೆ. ಹಿಂದಿನಿಂದ ನಮ್ಮವರು "ಹೂಂ" ಎಂದರು.

ಎರಡೇ ದಿನಕ್ಕೆ ನಾದಿನಿ ಫೋನ್ ಮಾಡಿದಳು. "ಪಾರ್ಟಿ ಒಪ್ಪಿತವ್ವಾ! ನಿನ್ನ ಬಿಟ್ರ ಯಾರಿಗೂ ಆಗಂಗಿಲ್ಲ ನೋಡು. ಇನ್ನ ಮ್ಯಾಲೆ ನಮ್ಮ ಮೈದುನನ ಅಂಗಡೀದೂ ನೀನ ಬರಿ. ಅವನೂ ಕೇಳಾಕತ್ತಾನ." ನಾನು ಸಂಭಾವಿತಳಂತೆ ಒಮ್ಮೆ ಬೇಡವೆಂದು, ಎರಡನೆಯ ಸಲಕ್ಕೇ ಒಪ್ಪಿದೆ. ನಾದಿನಿ ಹಾಲು ಉಕ್ಕಿತೆಂದು ಒಳಗೆ ಓಡಿದಳು. ಫೋನು ಪೂಜಾಳ ಕೈಗೆ ಬಂತು.

"ಅತ್ತಿ, ಯಾರ ಮುಂದೂ ಹೇಳಬ್ಯಾಡ್ರಿ," ಎಂದಳು ಮೆಲ್ಲಗೆ. "ನನಗ ಇಂಗ್ಲಿಷ್, ಟೈಪಿಂಗ್ ಎಲ್ಲಾ ಬರ್ತೈತ್ರಿ. ಬರ್ತೈತಿ ಅಂದ್ರ ಜನ್ಮಾ ಪೂರ್ತಿ ಕೊರಳಿಗೆ ಬೀಳ್ತೈತಿ, ಬರಂಗಿಲ್ಲ ಅನ್ನು ಅಂತ ನಮ್ಮವ್ವ ಕಳಿಸುವಾಗ್ಲೇ ಹೇಳ್ಯಾಳ್ರಿ. ನೀವು ಎಲ್ಲಿ ಸೋಲ್ತೀರೋ ಅಂತ ನನ್ನ ಜೀವಾ ಹೊಡಕೊಳ್ಳಾಕತ್ತಿತ್ತು. ಭಾಳ ಉಪಕಾರ ಆತ್ರಿ."

ಇಂಥದ್ದೊಂದು ಪಾಠವನ್ನು ನನ್ನ ಕಾನ್ವೆಂಟಿನಲ್ಲಿ ಯಾರೂ ಮಾಡಿರಲಿಲ್ಲ. ಸಿಟ್ಟು ಬರಬೇಕಿತ್ತು. ಫೋನ್ ಇಟ್ಟು, ಆ ಮೈದುನ ಆಗಲೇ ಕಳಿಸಿದ್ದ ಒಕ್ಕಣೆಯನ್ನು ತೆರೆದು ಕೇಳಿದೆ. ಒಂದು ವಾಕ್ಯವೂ ನೆಟ್ಟಗಿರಲಿಲ್ಲ. ಪಗಾರವಿಲ್ಲದ ಈ ನೌಕರಿಯ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, ಖುಷಿಯಿಂದ ತಿದ್ದತೊಡಗಿದೆ.