ಮನೆದೇವರನ್ನು ಕೇಳಿದ ತಪ್ಪು

ನನಗೆ ಮಾತು ಬರುವುದಿಲ್ಲ ಎಂದು ಇದುವರೆಗೆ ಯಾರೂ ದೂರಿದ್ದಿಲ್ಲ. ಇಪ್ಪತ್ತು ವರ್ಷ ಮೇಷ್ಟ್ರಾಗಿದ್ದವನ ಮೇಲೆ ಅಂಥ ದೂರು ಹೇಳಲು ಎದುರಿನವರಿಗೆ ನಡುವೆ ಒಂದು ಸಂದು ಸಿಗಬೇಕಲ್ಲ, ಅದನ್ನು ನಾನು ಕೊಟ್ಟವನಲ್ಲ. ನನ್ನ ಕಷ್ಟ ಬೇರೆ. ಮನುಷ್ಯರು ಮನುಷ್ಯರೊಂದಿಗೆ ಹೇಗೆ ಮಾತಾಡಬೇಕು ಎಂಬುದನ್ನು ಐದು ದಿನ ಕೂತು ಕಲಿತು ಬಂದು, ಇದ್ದ ಒಬ್ಬ ಸ್ನೇಹಿತನನ್ನು ಹೆಚ್ಚುಕಡಿಮೆ ಕಳೆದುಕೊಂಡವನು ನಾನು.

ತೊಂಬತ್ತರ ದಶಕದ ಕೊನೆ ಅದು. ಮೇಷ್ಟ್ರುಗಳನ್ನು ಸುಮ್ಮನೆ ಪಾಠ ಮಾಡಲು ಬಿಡಬಾರದೆಂದು ಮೇಲಿನವರು ಪಣ ತೊಟ್ಟಿದ್ದ ಕಾಲ. ದುರ್ಗದಲ್ಲಿ ಸಂವಹನ ಮತ್ತು ಸಂಬಂಧಗಳ ಬೆಳವಣಿಗೆಯ ಬಗ್ಗೆ ತರಬೇತಿ ಇತ್ತು. ಪಾಠ ಹೇಳಿದವರು ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದ ಒಬ್ಬ ತರುಣ ಉಪನ್ಯಾಸಕರು. ಅಪರಿಚಿತರ ನಡುವೆ ಅನಿಶ್ಚಿತತೆ ಇರುತ್ತದೆ, ಪ್ರಶ್ನೆ ಕೇಳಿ ಕೇಳಿ ಅದನ್ನು ಇಳಿಸಿಕೊಳ್ಳಬೇಕು ಎಂದರು. ಮನುಷ್ಯ ಈರುಳ್ಳಿಯಂತೆ, ಪದರ ಪದರವಾಗಿ ತೆರೆದುಕೊಳ್ಳುತ್ತಾನೆ ಎಂದರು. ನೀವೊಂದು ಪದರ ತೆರೆದರೆ ಎದುರಿನವನೂ ಒಂದು ತೆರೆಯುತ್ತಾನೆ, ಆದರೆ ಒಂದೇ ಸಲ ಎಲ್ಲ ತೆರೆಯಬೇಡಿ, ಸ್ವಲ್ಪ ಸ್ವಲ್ಪವಾಗಿ ತೆರೆಯಿರಿ ಎಂದು ಹಲಗೆಯ ಮೇಲೆ ಅಡಿಗೆರೆ ಎಳೆದರು. ಪಕ್ಕದಲ್ಲಿದ್ದ ಕೊಂಡ್ಲಹಳ್ಳಿಯ ಮೇಷ್ಟ್ರು ಎರಡೆಕರೆ ಈರುಳ್ಳಿ ಹಾಕಿದ್ದವರು. ಸುಲಿಯುವವನ ಕಣ್ಣಲ್ಲಿ ನೀರು ಬರುತ್ತದಲ್ಲ, ಅದಕ್ಕೆ ಸಿದ್ಧಾಂತದಲ್ಲಿ ಏನಿದೆ ಎಂದು ವಿನಯದಿಂದಲೇ ಕೇಳಿದರು. ಊಟದ ನಂತರ ಹೇಳುತ್ತೇನೆ ಎಂದರು ಉಪನ್ಯಾಸಕರು. ಊಟದ ನಂತರ ಎಲ್ಲರೂ ನಿದ್ದೆ ಮಾಡಿದೆವು.

ಈ ಅನಿಶ್ಚಿತತೆಯ ವಿಷಯವೇ ನಮ್ಮ ಕಡೆಗೆ ಅನಗತ್ಯ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ತಳಕಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಶುರು ಮಾಡಿದಳೆಂದರೆ, ಹಾನಗಲ್ ಬರುವಷ್ಟರಲ್ಲಿ ನಿಮ್ಮ ಊರು, ಸಂಬಳ, ಮಕ್ಕಳು, ಗಂಡು ಎಷ್ಟು ಹೆಣ್ಣು ಎಷ್ಟು, ಇನ್ನೊಂದು ಯಾಕೆ ಆಗಲಿಲ್ಲ ಎಂಬಷ್ಟನ್ನೂ ತಿಳಿದು, ಆಗಲು ಏನು ಮಾಡಬೇಕೆಂಬ ಔಷಧಿಯನ್ನೂ ಹೇಳಿ ಇಳಿಯುತ್ತಾಳೆ. ಆಕೆಗೆ ತರಬೇತಿ ಕೊಟ್ಟವರು ಯಾರೂ ಇಲ್ಲ.

ನಾನು ದಿನಾ ಶಾಲೆಗೆ ಹೋಗುತ್ತಿದ್ದ ಅದೇ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಓಬಳೇಶಪ್ಪ. ಮನೆ ಚಳ್ಳಕೆರೆಯಲ್ಲಿ, ಕೆಲಸ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವುದು. ಅವರ ಬೆರಳು ನೋಡಿದರೆ ಆ ವಾರ ಯಾವ ಬಣ್ಣದ ಸೀರೆ ಮಗ್ಗಕ್ಕೆ ಏರಿದೆ ಎಂದು ಹೇಳಬಹುದಿತ್ತು. ನನಗಿಂತ ಮೊದಲೇ ಹತ್ತಿ, ಕಿಟಕಿಯ ಸೀಟು ಬಿಟ್ಟು, ನನ್ನನ್ನು ಒಳಗೆ ಕೂರಿಸುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು. ಮಳೆ, ಎಲೆಕ್ಷನ್, ಹುಡುಗರ ಉತ್ತರಪತ್ರಿಕೆ ಎಂದು ನಾನು ಹೇಳುತ್ತಿದ್ದೆ, ಅವರು ಹ್ಞೂಂಗುಟ್ಟುತ್ತಿದ್ದರು. ಇಬ್ಬರೂ ಒಂದೇ ಜಾತಿಯ ಜನ ಎಂಬುದು ಗೊತ್ತಿತ್ತು. ಅದರಾಚೆ ಅವರ ಮನೆಯಲ್ಲಿ ಯಾರಿದ್ದಾರೆ ಎಂಬುದೂ ನನಗೆ ಗೊತ್ತಿರಲಿಲ್ಲ. ಸ್ನೇಹದ ಮೆಟ್ಟಿಲುಗಳನ್ನು ಬರೆದು ತರಬೇತಿಯಲ್ಲಿ ಕೊಟ್ಟಿದ್ದ ಹಾಳೆ ತೆಗೆದು ನೋಡಿದರೆ ನಮ್ಮ ಸ್ನೇಹ ಇನ್ನೂ ಮೊದಲನೇ ಮೆಟ್ಟಿಲಲ್ಲೇ ಇತ್ತು. ನನಗೆ ನಾಚಿಕೆಯಾಯಿತು. ಆರು ವರ್ಷದಿಂದ ಒಂದೇ ಕ್ಲಾಸಿನಲ್ಲಿ ಕೂತ ಹುಡುಗನಿಗೂ ಇಷ್ಟು ಅವಮಾನ ಆಗುವುದಿಲ್ಲ.

ಸೋಮವಾರವೇ ಶುರು ಮಾಡಿದೆ. ಮೊದಲು ನನ್ನದೊಂದು ಪದರ. ನನ್ನ ತಮ್ಮನಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ, ಇಪ್ಪತ್ತೆಂಟಾಯಿತು, ಮದುವೆ ಇನ್ನೂ ಆಗಿಲ್ಲ, ಅವ್ವನಿಗೆ ಅದೇ ಕೊರಗು ಎಂದೆ. ಆ ತಮ್ಮನಿಗೆ ನನ್ನ ಅಕ್ಕನ ಮಗಳನ್ನು ತರುವುದೆಂದು ಗೊತ್ತಾಗಿ ಎಷ್ಟೋ ವರ್ಷವಾಗಿತ್ತು, ಹುಡುಗಿಯ ಓದು ಮುಗಿಯಲಿ ಎಂದು ಕಾಯುತ್ತಿದ್ದೆವು. ಅಷ್ಟನ್ನೂ ಹೇಳಬೇಕಿತ್ತು. ಆದರೆ ಸ್ವಲ್ಪ ಸ್ವಲ್ಪವಾಗಿ ತೆರೆಯಬೇಕಲ್ಲ, ಉಳಿದದ್ದು ಮುಂದಿನ ವಾರಕ್ಕಿರಲಿ ಎಂದು ಬಿಟ್ಟೆ. ಮರುದಿನ ನಿಮಗೆ ಮಕ್ಕಳೆಷ್ಟು ಎಂದು ಕೇಳಿದೆ. ಒಬ್ಬಳೇ ಮಗಳು ಎಂದರು. ಏನು ಓದಿದ್ದಾಳೆ ಎಂದೆ. ಬುಧವಾರ, ಇನ್ನೂ ಆಳಕ್ಕಿಳಿಯುವ ಉತ್ಸಾಹದಲ್ಲಿ, ನಿಮ್ಮ ಮನೆದೇವರು ಯಾವುದು ಎಂದು ಕೇಳಿಬಿಟ್ಟೆ.

ಮೈಲಾರಲಿಂಗ ಎಂದರು. ನಮ್ಮದು ಜಟಿಂಗ ರಾಮೇಶ್ವರ ಎಂದು ಖುಷಿಯಿಂದ ಹೇಳಿದೆ. ನಮ್ಮ ಜನದಲ್ಲಿ ದೇವರು ಒಂದೇ ಆದರೆ ಅಣ್ಣತಮ್ಮಂದಿರು, ಬೇರೆಯಾದರೆ ಹೆಣ್ಣು ಕೊಟ್ಟು ತರಬಹುದು. ಮಗಳಿರುವವನ ಮನೆದೇವರನ್ನು ಸುಮ್ಮನೆ ಯಾರೂ ಕೇಳುವುದಿಲ್ಲ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ. ಐದು ದಿನದಲ್ಲಿ ಮರೆತಿದ್ದೆ.

ಶನಿವಾರ ಓಬಳೇಶಪ್ಪ ತಾವಾಗಿಯೇ ಬಾಯಿ ಬಿಟ್ಟರು. ನಾಳೆ ಮನೆಗೆ ಬರಬೇಕು, ಅವ್ವನನ್ನೂ ಕರೆತರಬೇಕು ಎಂದರು. ನಾನು ನಾಲ್ಕನೇ ಮೆಟ್ಟಿಲಿಗೆ ಹಾರಿದ್ದೇನೆಂದು ತಿಳಿದೆ. ಅವ್ವನಿಗೆ ಇಸ್ತ್ರಿ ಸೀರೆ ಉಡಿಸಿ ಕರೆದುಕೊಂಡು ಹೋದೆ. ಮನೆಗೆ ಹೊಸ ಸುಣ್ಣ ಹೊಡೆದಿತ್ತು. ಚಾಪೆಯ ಮೇಲೆ ಇಬ್ಬರು ಹಿರಿಯರು ರುಮಾಲು ಸುತ್ತಿ ಕೂತಿದ್ದರು. ಒಳಗಿಂದ ಹೋಳಿಗೆಯ ವಾಸನೆ. ಅವ್ವ ಹೊಸಿಲಲ್ಲೇ ನಿಂತು ನನ್ನ ತೋಳು ಜಿಗುಟಿ, "ಏನ್ ಮಾತಾಡಿ ಬಂದೀಯೋ ನೀನು?" ಎಂದು ಹಲ್ಲು ಕಚ್ಚಿ ಕೇಳಿದಳು. ಅಷ್ಟರಲ್ಲಿ ಅವರ ಮಗಳು ಕುಂಕುಮ ಬಣ್ಣದ ಅಚ್ಚ ಹೊಸ ರೇಷ್ಮೆ ಸೀರೆಯಲ್ಲಿ, ತಲೆ ಬಗ್ಗಿಸಿ, ಚಹಾದ ತಟ್ಟೆ ಹಿಡಿದು ಬಂದಳು. ಓಬಳೇಶಪ್ಪನವರ ಬೆರಳುಗಳಿಗೂ ಅದೇ ಬಣ್ಣ ಹತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವರ್ಷಗಟ್ಟಲೆ ಪಾಠ ಮಾಡಿದ ನಾಲಿಗೆ ಅವತ್ತು ಏಳಲಿಲ್ಲ. ಅವ್ವನೇ ಹೇಳಿದಳು. ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ತಲೆ ಸವರಿ, ನಮ್ಮ ಚಿಕ್ಕವನು ಮೊಮ್ಮಗಳಿಗೆ ಗೊತ್ತಾದವನು, ಈ ದೊಡ್ಡವನಿಗೆ ಬುದ್ಧಿ ಇಲ್ಲ, ಓದು ಜಾಸ್ತಿಯಾಗಿದೆ ಎಂದಳು. ಹಿರಿಯರು ನೆಲ ನೋಡಿದರು. ಹುಡುಗಿ ಎದ್ದು ಒಳಗೆ ಹೋದಳು. ಓಬಳೇಶಪ್ಪ ಮಾತ್ರ, "ಆಗ್ಲಿ ಬಿಡ್ರಿ. ಎಲೆ ಹಾಕೈತೆ, ಉಂಡು ಹೋಗ್ರಿ" ಎಂದರು. ಉಂಡೆವು. ಅಷ್ಟು ಮೆತ್ತಗಿನ ಹೋಳಿಗೆ ಅಷ್ಟು ಕಷ್ಟಪಟ್ಟು ನುಂಗಿದ್ದು ಅದೇ ಮೊದಲು.

ಸೋಮವಾರದಿಂದ ಅವರು ಡ್ರೈವರ್ ಹಿಂದಿನ ಸೀಟಿಗೆ ಹೋದರು. ನನ್ನ ಪಕ್ಕ ದಿನಕ್ಕೊಬ್ಬ ಅಜ್ಜಿ. ಒಂದು ತಿಂಗಳು ತಡೆದೆ. ಮುರಿದದ್ದನ್ನು ಜೋಡಿಸುವ ಬಗೆ ತರಬೇತಿಯ ಹಾಳೆಯ ಹಿಂಭಾಗದಲ್ಲಿತ್ತು. ಅದರಂತೆ ನಾಲ್ಕು ವಾಕ್ಯ ಬಾಯಿಪಾಠ ಮಾಡಿ, ಮೊಳಕಾಲ್ಮೂರಿನ ನಿಲ್ದಾಣದಲ್ಲಿ ಅವರನ್ನು ತಡೆದು ನಿಲ್ಲಿಸಿದೆ. ಎರಡನೇ ವಾಕ್ಯಕ್ಕೆ ಅವರು ಕೈ ಎತ್ತಿದರು.

"ಮೇಷ್ಟ್ರೇ, ಮಗಳಿಗೆ ಆರು ವರ್ಷದಿಂದ ಗಂಡು ನೋಡ್ತಾ ಇದೀನಿ. ಬೀದ್ಯಾಗೆ, ಅಂಗಡ್ಯಾಗೆ, ಮಗ್ಗದ ತಾವ, ಎಲ್ರೂ ಅದನ್ನೇ ಕೇಳೋರು. ಯಾಕಾಗಿಲ್ಲ, ಏನ್ ಐಬೈತೆ ಅಂತ. ಕೇಳ್ದೇ ಇದ್ದೋರು ನೀವೊಬ್ರೇ. ಅದ್ಕೇ ನಿಮ್ಮ ಪಕ್ಕ ಕೂರ್ತಿದ್ದೆ."

ನನ್ನ ಹತ್ತಿರ ಇನ್ನೂ ಎರಡು ವಾಕ್ಯ ಉಳಿದಿದ್ದವು. ಹೇಳಲಿಲ್ಲ. ಆರು ವರ್ಷ ನಾನು ಕೇಳದಿದ್ದದ್ದು ದೊಡ್ಡತನದಿಂದಲ್ಲ, ನನ್ನ ಮಾತೇ ಮುಗಿಯುತ್ತಿರಲಿಲ್ಲ ಎಂಬ ನಿಜವನ್ನೂ ಹೇಳಲಿಲ್ಲ. ಆ ಪದರವನ್ನು ಇವತ್ತಿನವರೆಗೂ ಯಾರ ಮುಂದೂ ತೆರೆದಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ ಓಬಳೇಶಪ್ಪ ನನ್ನ ಪಕ್ಕ ಬಂದು ಕೂತರು. ನಾನು ಮಳೆಯ ಮಾತು ತೆಗೆದೆ, ಅವರು ಹ್ಞೂಂಗುಟ್ಟಿದರು. ಮುಂದಿನ ವರ್ಷ ಒಂದು ಬೆಳಿಗ್ಗೆ ಪೇಪರಿನಲ್ಲಿ ಸುತ್ತಿದ ಎರಡು ಲಾಡು ನನ್ನ ತೊಡೆಯ ಮೇಲಿಟ್ಟರು. ಮಗಳ ಮದುವೆಯಾಯಿತೇ, ಆಗಿದ್ದರೆ ನನ್ನನ್ನು ಯಾಕೆ ಕರೆಯಲಿಲ್ಲ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಎರಡೂ ಲಾಡನ್ನು ಒಟ್ಟಿಗೇ ಬಾಯಿಗೆ ತುರುಕಿಕೊಂಡೆ.