ಜಾಗ ಬಿಟ್ಟು ಹೊರಟ ಕಿವಿಯ ಹರಳುಗಳಿಗೆ ಅಂಪೈರಮ್ಮನ ಅರಿಕೆ

ನನ್ನ ಬಲಗಿವಿಯೊಳಗಿನ ಮಾನ್ಯ ಹರಳುಗಳೇ,

ಐವತ್ತೆರಡು ವರ್ಷ ಸದ್ದಿಲ್ಲದೆ ನನ್ನನ್ನು ನೆಟ್ಟಗೆ ನಿಲ್ಲಿಸಿದ ತಮಗೆ, ಜೋಂಬಾ ಊರಿನ ನೆಟ್‌ಬಾಲ್ ಅಂಪೈರ್ ಎಟ್ಟಾ ನಂಖುಮ್ವಾ ಮಾಡುವ ಅನಂತ ನಮಸ್ಕಾರಗಳು.

ಕಳೆದ ಸೋಮವಾರ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಬಲಕ್ಕೆ ಹೊರಳಿದ್ದೇ ತಡ, ತಾವು ಜಾಗ ಬಿಟ್ಟು ಪಕ್ಕದ ಕೊಳವೆಗೆ ವಿಹಾರ ಹೊರಟಿರಿ. ಮಾಡು, ಗೋಡೆ, ಗಂಡ ಎಲ್ಲವೂ ಗಿರಗಿರನೆ ತಿರುಗಿದವು. ಗಂಡ ಲೈಟನ್, "ಮಲೇರಿಯಾನೇ ಕಣೇ," ಎಂದು ಕಂಬಳಿ ಹೊದಿಸಿದರು. ಬುಧವಾರದ ಪಂದ್ಯದಲ್ಲಿ ಚೆಂಡು ಕಂಬದ ತುದಿಯ ಬಳೆಯೊಳಗೆ ಬಿತ್ತೇ ಎಂದು ತಲೆಯೆತ್ತಿದವಳು ಮರುಕ್ಷಣ ಕಂಬ ತಬ್ಬಿಕೊಂಡು ಕುಸಿದಿದ್ದೆ.

"ಅಂಪೈರಮ್ಮ ಬೆಳಿಗ್ಗೇನೇ ಏರಿಸ್ಕೊಂಡು ಬಂದವ್ಳೆ!" ಎಂದು ಯಾರೋ ಕೂಗಿದರು. ಹನಿ ಮುಟ್ಟದ ನನಗೆ ಈ ಬಿರುದು ಕೊಡಿಸಿದ ತಮ್ಮ ಔದಾರ್ಯವನ್ನು ಎಷ್ಟು ಹೊಗಳಲಿ? ಪಂದ್ಯಾವಳಿ ಸಮಿತಿಯ ಅಧ್ಯಕ್ಷೆ ಕಲಿಯಾಟಿಯಂತೂ ನನ್ನ ಮುಖ ನೋಡದೆ, "ಶನಿವಾರದ ಫೈನಲ್‌ಗೆ ಬೇರೆಯವರನ್ನ ನೋಡ್ತೀವಿ ಅಕ್ಕಾ," ಎಂದರು. ಇಪ್ಪತ್ತು ವರ್ಷದ ಸೀಟಿಯನ್ನು ಅವರ ಕೈಗೊಪ್ಪಿಸಿ ಬಂದು, ಒಲೆಯ ಮುಂದೆ ಎನ್ಸಿಮಾ ಮುದ್ದೆ ತಿರುವುತ್ತಾ ಅತ್ತುಬಿಟ್ಟೆ.

ಗುರುವಾರ ಆರೋಗ್ಯ ಕೇಂದ್ರದ ತದಾಲ ಎಂಬ ಹುಡುಗಿ ಪರೀಕ್ಷಿಸಿ, "ಮಲೇರಿಯಾನೂ ಅಲ್ಲ, ಮಾಟಾನೂ ಅಲ್ಲ. ಕಿವಿಯೊಳಗೆ ಸಮತೋಲ ಕಾಯೋ ಹರಳು ಜಾರಿವೆ, ಅಷ್ಟೇ," ಎಂದಳು. ತಲೆಯನ್ನು ಅರ್ಧ ಬಲಕ್ಕೆ ತಿರುಗಿಸಿ, ಮಂಚದ ತುದಿಯಾಚೆ ವಾಲುವಂತೆ ಸರ್ರನೆ ಮಲಗಿಸಿದಳು.

"ಅಯ್ಯೋ, ಬಿದ್ದೆ!" ಎಂದು ಅವಳ ತೋಳಿಗೆ ಉಗುರು ಊರಿದೆ.

"ಮಲಗೇ ಇದ್ದೀರಲ್ಲಮ್ಮಾ, ಇನ್ನೆಲ್ಲಿಗೆ ಬೀಳ್ತೀರಿ? ಕಣ್ಣು ಮಾತ್ರ ಮುಚ್ಬೇಡಿ."

ತಿರುಗಾಟ ನಿಂತ ಮೇಲೆ ತಲೆಯನ್ನು ಎಡಕ್ಕೆ, ಆಮೇಲೆ ಮೈಯನ್ನೂ ಎಡಮಗ್ಗುಲಿಗೆ, ಮೂಗು ನೆಲ ನೋಡುವಷ್ಟು ಹೊರಳಿಸಿ ಮೆಲ್ಲಗೆ ಕೂರಿಸಿದಳು. ಎರಡನೇ ಸಲಕ್ಕೆ ತಾವು ತೆಪ್ಪಗೆ ಮನೆ ಸೇರಿದಿರಿ. ಮರುದಿನ ಕಲಿಯಾಟಿಯ ಅಂಗಳದಲ್ಲಿ ನಿಂತು, ಒಮ್ಮೆಯೂ ವಾಲದೆ ಹತ್ತು ಸಲ ಆಕಾಶ ನೋಡಿದೆ. ಅವರು ಒಳಗೆ ಹೋಗಿ ಸೀಟಿ ತಂದುಕೊಟ್ಟರು.

ಫೈನಲ್‌ನ ಕೊನೆಯ ನಿಮಿಷ, ಸಮಸಮ. ನನ್ನ ತಂಗಿಯ ಮಗಳೇ ಎಸೆದ ಚೆಂಡು ಬಳೆಯ ಮೇಲೆ ಎರಡು ಸುತ್ತು ಸುತ್ತಿತು. ನಾನು ತಲೆಯೆತ್ತಿ ನೋಡುತ್ತಲೇ ನಿಂತೆ. ಸುತ್ತಿದ್ದು ಚೆಂಡು ಮಾತ್ರ. ಅದು ಹೊರಗೆ ಬಿತ್ತು, ಗೋಲಿಲ್ಲ ಎಂದೆ. ತಂಗಿ ಇನ್ನೂ ಮಾತು ಬಿಟ್ಟಿದ್ದಾಳೆ. ಆದರೆ ಮೈದಾನದಲ್ಲಿ ಒಬ್ಬರೂ ನನ್ನನ್ನು ಕುಡುಕಿ ಎನ್ನಲಿಲ್ಲ. ಎಲ್ಲರೂ ಕುರುಡಿ ಎಂದರು. ಅಂಪೈರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಉಂಟೇ?

ಇನ್ನು ಮುಂದೆ ಪ್ರವಾಸ ಹೊರಡುವುದಿದ್ದರೆ ಮೂರು ದಿನ ಮೊದಲು ಲಿಖಿತವಾಗಿ ತಿಳಿಸಬೇಕಾಗಿ ಪ್ರಾರ್ಥನೆ.

ಸದ್ಯಕ್ಕೆ ನೆಟ್ಟಗಿರುವ ತಮ್ಮ ವಿಶ್ವಾಸಿ,
ಎಟ್ಟಾ

ಮರೆತ ಮಾತು: ಎಡಗಿವಿಯಲ್ಲೂ ತಮ್ಮ ಬಳಗವಿದೆಯಂತೆ. ಅವರಿಗೂ ಹೇಳಿಬಿಡಿ, ತದಾಲಳಿಗೆ ಎರಡು ಕಡೆಗೂ ತಲೆ ತಿರುಗಿಸಲು ಬರುತ್ತದೆ.